ಮಂಡಿಯೂರಿ ಗೆದ್ದವರು

ಟಿವಿಯ ಡಾನ್ಸ್ ಸ್ಪರ್ಧೆಗಳ ತೀರ್ಪುಗಾರರಿಗೆ ‘ರಿಸ್ಕ್’ ಎಂದರೆ ಪಂಚಪ್ರಾಣ. ಹುಡುಗ ಬೆಂಕಿಯ ಬಳೆಯೊಳಗಿಂದ ಹಾರಿದರೆ ರಿಸ್ಕ್, ಹುಡುಗಿ ಹಗ್ಗಕ್ಕೆ ಜೋತುಬಿದ್ದು ತಲೆಕೆಳಗಾಗಿ ತಿರುಗಿದರೆ ರಿಸ್ಕ್. ಶನಿವಾರ, ಭಾನುವಾರ ನಮ್ಮ ಮನೆಯ ರಾತ್ರಿಯೂಟ ಟಿವಿ ಮುಂದೆಯೇ. ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರೆ ನನ್ನ ಮಗಳಿಗೆ ಕೈತುತ್ತು ಮರೆತುಹೋಗುತ್ತದೆ. ಮೈಗೆ ಅಪಾಯವಿದೆ, ಸುಳ್ಳಲ್ಲ. ಆದರೆ ಹಾರಿದರೆ ಚಪ್ಪಾಳೆ ಗ್ಯಾರಂಟಿ ಎಂದು ಗೊತ್ತಿದ್ದೇ ಹಾರುವವರ ಕಲೆಗೆ ಎಂಥ ಅಪಾಯ?

ಈ ಅನುಮಾನ ನನಗೆ ಯಕ್ಷಗಾನದ ಜೋಡಾಟದ ಕಾಲದಲ್ಲೇ ಹತ್ತಿರಬೇಕು. ಕೊಯ್ಲು ಮುಗಿದ ಗದ್ದೆಯಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಇಬ್ಬರು ಅಭಿಮನ್ಯುಗಳು ಒಟ್ಟಿಗೇ ಚಕ್ರವ್ಯೂಹ ಹೊಗುತ್ತಿದ್ದರು. ಚೆಂಡೆ ಯಾವ ಕಡೆ ಜೋರೋ ಜನರ ಕತ್ತು ಆ ಕಡೆ. ಮೊಣಕಾಲ ಮೇಲೆ ಗಿರಗಿರನೆ ಸುತ್ತುವ ‘ಮಂಡಿ’ ಶುರುವಾಯಿತೆಂದರೆ ನಮ್ಮ ಮಾವ ಗಟ್ಟಿಯಾಗಿ ಎಣಿಸುತ್ತಿದ್ದರು. ಪಕ್ಕದವನು ಇನ್ನೊಂದು ಸುತ್ತು ಹಾಕಿದನೋ, ಇವನು ನಿಲ್ಲಿಸುವ ಹಾಗಿಲ್ಲ. ಪಾಪ, ದ್ರೋಣ, ಕರ್ಣರು ಹುಡುಗನನ್ನು ಕೊಲ್ಲಲು ಬಂದವರು, ಎಣಿಕೆ ಮುಗಿಯಲಿ ಎಂದು ಮೂಲೆಯಲ್ಲಿ ಕಾದು ನಿಂತಿರುತ್ತಿದ್ದರು.

ಎಣಿಕೆಗೆ ಸಿಗದ ಧೈರ್ಯವನ್ನು ನಾನು ಕಂಡದ್ದು ಎಷ್ಟೋ ವರ್ಷಗಳ ಮೇಲೆ, ಫೋನಿನ ಪರದೆಯಲ್ಲಿ. 1984ರ ಫೆಬ್ರವರಿ 14, ಸರಾಯೆವೊದ ಚಳಿಗಾಲದ ಒಲಿಂಪಿಕ್ಸ್, ಐಸ್ ಡಾನ್ಸ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಜೇನ್ ಟಾರ್ವಿಲ್ ಹಿಂದೆ ವಿಮಾ ಕಂಪನಿಯ ಗುಮಾಸ್ತೆ, ಕ್ರಿಸ್ಟೋಫರ್ ಡೀನ್ ಪೊಲೀಸ್. ಅಷ್ಟರಲ್ಲಾಗಲೇ ಮೂರು ಬಾರಿ ವಿಶ್ವ ಚಾಂಪಿಯನ್ನರು. ಹಳೆಯ ದಾರಿಯಲ್ಲೇ ಜಾರಿದ್ದರೂ ಚಿನ್ನ ಬರುತ್ತಿತ್ತೇನೋ. ಆ ಹಳೆಯ ದಾರಿಯೆಂದರೆ, ವೇಗ ಬೇರೆಬೇರೆಯಾದ ಮೂರ್ನಾಲ್ಕು ಸಂಗೀತದ ತುಂಡುಗಳನ್ನು ಜೋಡಿಸಿಕೊಂಡು ಕುಣಿಯುವುದು. ಇವರು ಆರಿಸಿಕೊಂಡದ್ದು ಒಂದೇ ಒಂದು ಕೃತಿ: ಫ್ರಾನ್ಸಿನ ಮೊರಿಸ್ ರವೆಲ್ 1928ರಲ್ಲಿ ಇಡಾ ರೂಬಿನ್‌ಸ್ಟೈನ್ ಅವರ ಬ್ಯಾಲೆಗಾಗಿ ರಚಿಸಿದ ‘ಬೊಲೆರೊ’. ಮೊದಲಿಂದ ಕೊನೆಯವರೆಗೆ ಡ್ರಮ್ಮಿನದು ಒಂದೇ ನಡೆ. ಏರುವುದು ಸದ್ದು ಮಾತ್ರ.

ತೊಡಕು ಬಂದದ್ದು ಕಾಲದ್ದು. ಎಷ್ಟು ಕತ್ತರಿಸಿದರೂ ಸಂಗೀತ 4 ನಿಮಿಷ 28 ಸೆಕೆಂಡಿಗಿಂತ ಕೆಳಗೆ ಇಳಿಯಲಿಲ್ಲ. ನಿಯಮದ ಮಿತಿ 4 ನಿಮಿಷ 10 ಸೆಕೆಂಡ್. ಆದರೆ ಗಡಿಯಾರ ಓಡುವುದು ಸ್ಕೇಟಿಂಗ್ ಶುರುವಾದ ಮೇಲೆ ತಾನೆ? ಸರಿ, ಮೊದಲ 18 ಸೆಕೆಂಡ್ ಅಲಗು ಊರುವುದೇ ಬೇಡ ಎಂದುಕೊಂಡರು. ನೇರಳೆ ಉಡುಪಿನ ಇಬ್ಬರೂ ಮಂಜುಗಡ್ಡೆಯ ಮೇಲೆ ಮಂಡಿಯೂರಿ, ಎದುರುಬದುರಾಗಿ ಮೈ ತೂಗಿದರು. ಜಾರುವ ಸ್ಪರ್ಧೆಯಲ್ಲಿ ಜಾರದೆ ಕೂರುವುದು! ತೀರ್ಪುಗಾರರಿಗೆ ಇದು ಉದ್ಧಟತನವಾಗಿ ಕಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕಲಾತ್ಮಕತೆಗೆ ಒಂಬತ್ತು ತೀರ್ಪುಗಾರರೂ ಪೂರ್ಣಾಂಕವಾದ 6.0 ಕೊಟ್ಟರು. ಬ್ರಿಟನ್ನಿನಲ್ಲೇ 2 ಕೋಟಿಗೂ ಹೆಚ್ಚು ಜನ ಅಂದು ಟಿವಿ ಮುಂದಿದ್ದರು. ಹತ್ತು ವರ್ಷದ ಮೇಲೆ, 1994ರಲ್ಲಿ, ಇದೇ ಜೋಡಿ ಲಿಲ್ಲೆಹ್ಯಾಮರ್‌ನಲ್ಲಿ ಒಲಿಂಪಿಕ್ಸ್‌ಗೆ ಮರಳಿದಾಗ ಸಿಕ್ಕಿದ್ದು ಕಂಚು. ಒಮ್ಮೆ ಒಲಿದ ತೀರ್ಪುಗಾರರು ಸದಾ ಒಲಿಯಬೇಕೆಂದಿಲ್ಲವಲ್ಲ.

ನಮ್ಮ ದೇಶದ ಟಿವಿಯಲ್ಲೂ ಇಂಥದ್ದು ಆಗಿದೆ. 2009ರಲ್ಲಿ ‘ಇಂಡಿಯಾಸ್ ಗಾಟ್ ಟ್ಯಾಲೆಂಟ್’ ಗೆದ್ದ ಒಡಿಶಾದ ಪ್ರಿನ್ಸ್ ಡಾನ್ಸ್ ಗ್ರೂಪ್‌ನ ಹುಡುಗರಲ್ಲಿ ಹೆಚ್ಚಿನವರು ಕೂಲಿಗಳು. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು, ಒಬ್ಬರ ಮೇಲೊಬ್ಬರು ನಿಂತು ದೇವರ ಮೂರ್ತಿಗಳೇ ಆಗಿಬಿಟ್ಟರು. ಕುಣಿತದ ವೇದಿಕೆಯಲ್ಲಿ ಅಲುಗಾಡದೆ ನಿಲ್ಲಲು ಗುಂಡಿಗೆ ಬೇಕು.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಮಾವನಿಗೆ ಬೊಲೆರೊ ತೋರಿಸಿದೆ. ಕನ್ನಡಕ ಏರಿಸಿಕೊಂಡು ಎಣಿಸಲು ತಯಾರಾಗಿಯೇ ಕೂತರು. “ಮಂಡಿ ಹಾಕ್ತಾರೆ ಅಂದ್ಕಂಡ್ರೆ ಎದ್ದೇ ಬಿಟ್ರಲ್ಲ ಮಾರಾಯ್ತಿ!” ಎಂದು ಗೊಣಗಿದರೂ ಕೊನೆಯವರೆಗೆ ಫೋನು ಕೈಬಿಡಲಿಲ್ಲ.

“ಆ ಬಡಿತ ಹಾಕಿಕೊಟ್ಟವ ಯಾರು?”

“ರವೆಲ್ ಅಂತ, ಮಾವ.”

“ಯಾವ ಮೇಳದಲ್ಲಿದ್ದ?”