ಎರಡೂ ತಟ್ಟೆ ಒಟ್ಟಿಗೇ

ಚಳ್ಳಕೆರೆಯಲ್ಲಿ ಫ್ರೆಂಚ್ ರೆಸ್ಟೋರೆಂಟ್ ಇಲ್ಲ. ಮೊಳಕಾಲ್ಮೂರಿನಲ್ಲೂ ಇಲ್ಲ. ಇಷ್ಟನ್ನ ಹೇಳೋಕೆ ಇಷ್ಟುದ್ದ ಬರೀಬೇಕಾ ಅಂತ ನೀವು ನಗಬಹುದು. ಆದರೆ ಫ್ರೆಂಚರ ಮಾತುಗಳು ನಮ್ಮೂರಿಗೆ ಬಂದು ಎಷ್ಟೋ ಕಾಲವಾಯ್ತು. ಸಂಜೆ ಹೊತ್ತು ತಳ್ಳುಗಾಡಿ ಮುಂದೆ ನಿಂತು 'ಒಂದು ಡಬಲ್ ಆಮ್ಲೆಟ್' ಅಂತ ಕೂಗೋ ಹುಡುಗ ಹೇಳ್ತಿರೋದು ಫ್ರೆಂಚ್ ಪದವನ್ನೇ. ಹೋಟೆಲ್, ಮೆನು, ಸೂಪ್, ಕೆಫೆ, ಎಲ್ಲವೂ ಆ ಕಡೆಯಿಂದ ಇಂಗ್ಲಿಷಿನ ಬೆನ್ನು ಹತ್ತಿ ಬಂದವೇ.

ರೆಸ್ಟೋರೆಂಟ್ ಅನ್ನೋ ಮಾತಿನ ಕಥೆ ಇನ್ನೂ ಚೆನ್ನಾಗಿದೆ. 18ನೇ ಶತಮಾನದ ಪ್ಯಾರಿಸ್ಸಿನಲ್ಲಿ ಅದು ಮೊದಲು ಜಾಗದ ಹೆಸರಾಗಿರಲಿಲ್ಲ, ಸಾರಿನ ಹೆಸರಾಗಿತ್ತು. ಮಾಂಸ ಕುದಿಸಿ ಬಸಿದ ತಿಳಿಸಾರು, ನಿತ್ರಾಣ ಆದವರಿಗೆ ಮತ್ತೆ ತ್ರಾಣ ಕೊಡುವಂಥದ್ದು. ನಮ್ಮ ಕಡೆ ಬಾಣಂತಿಗೆ ಮೆಣಸಿನ ಸಾರು ಮಾಡಿಕೊಡ್ತಾರಲ್ಲ, ಹಾಗೆ. ಆಮೇಲೆ ಆ ಸಾರು ಮಾರುವ ಅಂಗಡಿಗೂ ಅದೇ ಹೆಸರು ಅಂಟಿಕೊಂಡಿತು.

ಆ ಅಂಗಡಿಯಲ್ಲಿ ಹೊಸದೇನಿತ್ತು ಅಂದ್ರೆ, ಅದಕ್ಕೂ ಮುಂಚೆ ಛತ್ರದಂಥ ಜಾಗಗಳಲ್ಲಿ ಎಲ್ಲರಿಗೂ ಒಂದೇ ಮೇಜು, ಒಂದೇ ಹೊತ್ತು, ಹಾಕಿದ್ದನ್ನು ತಿಂದು ಏಳಬೇಕು. ರೆಸ್ಟೋರೆಂಟಿನಲ್ಲಿ ನಿಮ್ಮ ಮೇಜು ನಿಮಗೆ, ನಿಮ್ಮ ಹೊತ್ತಿಗೆ ಊಟ, ಬೆಲೆ ಬರೆದ ಪಟ್ಟಿ ನೋಡಿ ನಿಮಗೆ ಬೇಕಾದ್ದು. ಅಂದರೆ 'ನಿಮಗೇನು ಬೇಕು?' ಅಂತ ಒಬ್ಬೊಬ್ಬರನ್ನೂ ಬೇರೆ ಬೇರೆ ಕೇಳುವ ಜಾಗ. ಈ ಪ್ರಶ್ನೆ ನಮ್ಮಂಥ ಹೆಂಗಸರಿಗೆ ಎಷ್ಟು ದೊಡ್ಡದು ಅನ್ನೋದನ್ನೇ ನಾನು ಹೇಳಬೇಕಂತಿರೋದು.

ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆ. ಶೇಂಗಾ ಎಣ್ಣೆಯ ಊರು. ಗಿರಣಿಗಳು ಜೋರಾಗಿದ್ದ ಕಾಲದಲ್ಲಿ ಜನ ಇದನ್ನು ಎರಡನೇ ಬಾಂಬೆ ಅಂತ ಕರೀತಿದ್ದರು. ಅಪ್ಪ ಅಂಥದ್ದೊಂದು ಮಿಲ್ಲಿನಲ್ಲಿ ಲೆಕ್ಕ ಬರೀತಿದ್ದರು. ಸಂಬಳದ ದಿನ ಹೋಟೆಲಿನಿಂದ ಮಸಾಲೆ ದೋಸೆ ಕಟ್ಟಿಸಿಕೊಂಡು ಬರೋರು. ಬಾಳೆ ಎಲೆ, ಅದರ ಮೇಲೆ ಪೇಪರು, ಅದಕ್ಕೆ ಸುತ್ತಿದ ಬಿಳಿ ದಾರ. ಮನೆ ಮುಟ್ಟೋ ಹೊತ್ತಿಗೆ ದೋಸೆ ಬೆವೆತು, ಮೆತ್ತಗಾಗಿ, ಪಲ್ಯದ ಜೊತೆ ಒಂದಾಗಿ ಹೋಗಿರೋದು. ಅಪ್ಪ ತಮ್ಮದನ್ನು ಅಲ್ಲೇ ಬಿಸಿ ಬಿಸಿ ತಿಂದಿರೋರು. ನಾವು ಮಕ್ಕಳು ತಿಂದ ಮೇಲೆ ಉಳಿದದ್ದು ಅಮ್ಮನಿಗೆ. ಹೋಟೆಲ್ ದೋಸೆ ಹಂಚಿನಿಂದ ಇಳಿದ ಕೂಡಲೇ ಹೆಂಗಿರುತ್ತೆ ಅಂತ ಅಮ್ಮನಿಗೆ ಗೊತ್ತಾಗಿದ್ದು, ನಾನು ಹೈಸ್ಕೂಲು ಟೀಚರಾಗಿ ಮೊದಲ ಸಂಬಳದಲ್ಲಿ ಅವಳನ್ನು ಕರ್ಕೊಂಡು ಹೋದಾಗ.

ಹೆಂಗಸರು ಹೋಟೆಲಿಗೆ ಬರಬಾರದು ಅಂತ ಯಾರೂ ಬೋರ್ಡು ಹಾಕಿರಲಿಲ್ಲ. ಇದ್ದ ಬೋರ್ಡು 'ಫ್ಯಾಮಿಲಿ ರೂಂ' ಅಂತ. ಕೈ ತೊಳೆಯೋ ಜಾಗ ದಾಟಿ ಒಳಗೆ ಹೋದರೆ ಪ್ಲೈವುಡ್ಡಿನ ಗೂಡುಗಳು, ಎಣ್ಣೆ ಜಿಡ್ಡು ಹತ್ತಿದ ಹಸಿರು ಪರದೆ, ಒಂದು ಫ್ಯಾನು. ಮದುವೆಯಾದ ಹೊಸದರಲ್ಲಿ ಇವರ ಜೊತೆ ನಾನು ತಿಂಡಿ ತಿಂದದ್ದೆಲ್ಲ ಆ ಪರದೆಯ ಹಿಂದೆಯೇ. ಹಿಂದಿನ ಕಾಲದ ಪ್ಯಾರಿಸ್ಸಿನ ದೊಡ್ಡ ರೆಸ್ಟೋರೆಂಟುಗಳಲ್ಲೂ ಇಂಥ ಒಳಕೋಣೆಗಳಿದ್ದವು ಅಂತ ಓದಿದಾಗ ನಗು ಬಂತು. ಅಲ್ಲಿ ಆ ಕೋಣೆಗಳು ಕದ್ದು ಭೇಟಿಯಾಗೋ ಜೋಡಿಗಳಿಗೆ ಹೆಸರುವಾಸಿ. ನಮ್ಮಲ್ಲಿ ತಾಳಿ ಕಟ್ಟಿಸಿಕೊಂಡ ಹೆಂಡತಿ, ಕಟ್ಟಿದ ಗಂಡನ ಜೊತೆ ಕೂತು ಇಡ್ಲಿ ತಿನ್ನೋಕೂ ಪರದೆ!

ಆದರೂ ಆ ಗೂಡು ನನಗೆ ಇಷ್ಟವಾಗಿತ್ತು. ಯಾಕೆ ಅಂತ ಆಗ ಗೊತ್ತಿರಲಿಲ್ಲ, ಈಗ ಗೊತ್ತು. ಅಲ್ಲಿ ಎರಡೂ ತಟ್ಟೆ ಒಟ್ಟಿಗೇ ಬರ್ತಿದ್ದವು.

ಇವರ ಊರು ಮೊಳಕಾಲ್ಮೂರು. ಬಸ್ಸು ತಳಕು, ಬಿ.ಜಿ.ಕೆರೆ ದಾಟಿ ಹೋದರೆ ಸಿಗೋ ಊರು. ಅಲ್ಲಿನ ರೇಷ್ಮೆ ಸೀರೆ ನಿಮಗೆ ಗೊತ್ತಿರುತ್ತೆ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಸೀರೆ. ನಮ್ಮ ಮಾವ ಗುಂಡಿ ಮಗ್ಗದಲ್ಲಿ ಕೂತರೆ ಅತ್ತೆ ಪಕ್ಕದಲ್ಲೇ ಕಂಡಿಕೆ ಸುತ್ತೋರು. ಬೆಳಿಗ್ಗೆಯಿಂದ ಸಂಜೆವರೆಗೆ ಎರಡು ಮಾರು ದೂರದಲ್ಲಿ ಇಬ್ಬರದೂ ಕೆಲಸ. ಒಬ್ಬರ ನೂಲು ಇಲ್ಲದೆ ಇನ್ನೊಬ್ಬರ ಲಾಳಿ ಓಡೋದಿಲ್ಲ. ಊಟಕ್ಕೆ ಮಾತ್ರ ಜೊತೆ ಇಲ್ಲ. ಮೊದಲು ಮಾವ, ಆಮೇಲೆ ಗಂಡುಮಕ್ಕಳು, ಆಮೇಲೆ ಮೊಮ್ಮಕ್ಕಳು. ಎಲ್ಲರದೂ ಆದ ಮೇಲೆ ಅತ್ತೆ ಅಡುಗೆಮನೆಯಲ್ಲಿ ಒಲೆ ಪಕ್ಕ ಕೂತು, ಆರಿ ಗಟ್ಟಿಯಾದ ಮುದ್ದೆಯನ್ನ ತಳದಲ್ಲಿ ಉಳಿದ ಸಾರಿಗೆ ಅದ್ದಿ ನಾಲ್ಕೇ ನಿಮಿಷಕ್ಕೆ ಮುಗಿಸಿ ಏಳೋರು. ಮದುವೆಯಾಗಿ ಹೋದ ಮೇಲೆ ಆ ಸಾಲಿಗೆ ನಾನೂ ಸೇರಿದೆ. ಯಾರೂ ಬೈದು ಹೇಳಿದ್ದಲ್ಲ. ಬಿಸಿ ಮುದ್ದೆ ಬಡಿಸೋಕೆ ಒಬ್ಬರು ನಿಂತಿರಲೇಬೇಕಲ್ಲ? ನಿಂತವರು ಕೂರೋದು ಹೆಂಗೆ?

ದಿನಾ ಬೆಳಿಗ್ಗೆ 'ಏನ್ ಅಡಿಗೆ ಮಾಡ್ಲಿ?' ಅಂತ ಮನೆಯವರನ್ನೆಲ್ಲ ಕೇಳೋಳು ನಾನೇ. ನಿಂಗೇನು ಬೇಕು ಅಂತ ನನ್ನನ್ನ ಕೇಳಿದ ಮೊದಲ ಗಂಡಸು ಹೋಟೆಲಿನ ಸಪ್ಲೈಯರ್. ಇದನ್ನ ಇವರಿಗೆ ಹೇಳಿದರೆ ಈಗಲೂ ಮುಖ ದಪ್ಪ ಮಾಡ್ಕೋತಾರೆ.

ಇನ್ನು ಫ್ರೆಂಚ್ ರೆಸ್ಟೋರೆಂಟಿನ ವಿಷಯ. ಮದುವೆಯಾಗಿ ಹತ್ತು ವರ್ಷ ತುಂಬಿದ ವಾರ ಇವರು ಬ್ಯಾಂಕಿನ ಟ್ರೇನಿಂಗಿಗೆ ಅಂತ ಬೆಂಗಳೂರಿನಲ್ಲಿದ್ದರು. ಮಕ್ಕಳನ್ನು ಅಮ್ಮನ ಹತ್ತಿರ ಬಿಟ್ಟು ನಾನೂ ಬಸ್ ಹತ್ತಿದೆ. 'ದೋಸೆ ಊರಲ್ಲೂ ಸಿಗುತ್ತೆ, ಊರಲ್ಲಿ ಸಿಗದೇ ಇರೋದು ತಿನ್ನೋಣ' ಅಂತ ಇವರೇ ಹುಡುಕಿ ಇಟ್ಟಿದ್ದರು. ಬಿಳಿ ಬಟ್ಟೆ ಹಾಸಿದ ಪುಟ್ಟ ಮೇಜು, ಎದುರು ಬದುರು ಎರಡು ಕುರ್ಚಿ. ಪರದೆ ಇರಲಿಲ್ಲ.

ಮೆನುವಿನಲ್ಲಿ ಮೊದಲು ಕಂಡದ್ದು ಈರುಳ್ಳಿ ಸೂಪು. ಅದನ್ನು ಮೂಲದಲ್ಲಿ ದನದ ಮೂಳೆ ಕುದಿಸಿದ ರಸದಲ್ಲಿ ಮಾಡ್ತಾರೆ ಅಂತ ಓದಿದ್ದೆ. ನಾವಿಬ್ಬರೂ ಸಸ್ಯಾಹಾರಿಗಳು. 'ಇದಕ್ಕೆ ಏನ್ ಹಾಕಿದೀರಪ್ಪಾ?' ಅಂತ ಕನ್ನಡದಲ್ಲೇ ಕೇಳಿದೆ. ಇವರಿಗೆ ಮುಜುಗರ. ನನಗೆ ಏನೂ ಅನ್ನಿಸಲಿಲ್ಲ. ನಮ್ಮ ಕಡೆಯವರಿಗೆ ಕೇಳೋದು ಹೊಸದಾ? ನಮ್ಮ ಸ್ಕೂಲಿನ ಮೇಷ್ಟ್ರೊಬ್ಬರು ಮ್ಯಾಸನಾಯಕರು. ಕುರಿ ತಿಂತಾರೆ, ಕೋಳಿ ಮುಟ್ಟಲ್ಲ, ಅದು ಅವರ ಕುಲದ ಕಟ್ಟಳೆ. ಯಾವ ಹೋಟೆಲಿಗೆ ಹೋದರೂ ಒಲೆವರೆಗೂ ಹೋಗಿ ಪಾತ್ರೆ ಯಾವುದು, ಸೌಟು ಯಾವುದು ಅಂತ ವಿಚಾರಿಸಿಯೇ ಕೂರೋದು. ಬೆಂಗಳೂರಿನ ಆ ಹುಡುಗ, ನಮ್ಮ ಪುಣ್ಯಕ್ಕೆ ಹಾಸನದ ಕಡೆಯವನು, ತರಕಾರಿ ಬೇಯಿಸಿದ ನೀರಲ್ಲೇ ಮಾಡಿಸಿಕೊಡ್ತೀನಿ ಅಂದ.

ಸೂಪು ಬಂತು. ಮೇಲೆ ತೇಲೋ ಬ್ರೆಡ್ಡು, ಅದರ ಮೇಲೆ ಕರಗಿದ ಚೀಸು. ಆಮೇಲೆ ರಾಟಾಟೂಯಿ ಅಂತ ಬದನೆಕಾಯಿ, ದಪ್ಪ ಮೆಣಸಿನಕಾಯಿ, ಟೊಮೆಟೊ ಎಲ್ಲ ಸೇರಿಸಿ ಎಣ್ಣೆಯಲ್ಲಿ ಬೇಯಿಸಿದ ಪಲ್ಯ. ನಮ್ಮ ಎಣ್ಣೆಗಾಯಿಗೆ ಉಪ್ಪು ಕಾರ ಮರೆತ ತಮ್ಮ ಅನ್ನಬಹುದು. ಇವರು ಮೆಲ್ಲಗೆ 'ಶೇಂಗಾ ಚಟ್ನಿಪುಡಿ ತರಬೇಕಾಗಿತ್ತು ಕಣೆ' ಅಂದರು. ಕೊನೆಗೆ ಕ್ರೇಪ್ ಅನ್ನೋ ತೆಳ್ಳನೆ ಸಿಹಿ ದೋಸೆ. ದೋಸೆ ಬೇಡ ಅಂತ ಬಂದು ದೋಸೆಯಲ್ಲೇ ಮುಗಿಸಿದೆವು.

ರುಚಿ ನನಗೆ ಅಷ್ಟೇನೂ ನೆನಪಿಲ್ಲ. ನೆನಪಿರೋದು ಅಲ್ಲಿಯ ಕ್ರಮ. ಇಬ್ಬರ ತಟ್ಟೆಯನ್ನೂ ಒಟ್ಟಿಗೇ ತಂದಿಟ್ಟರು. ಇವರದು ಬ್ಯಾಂಕಿನ ಊಟ, ಐದು ನಿಮಿಷಕ್ಕೆ ಖಾಲಿ. ಖಾಲಿ ತಟ್ಟೆ ಮುಂದಿಟ್ಟುಕೊಂಡು ಹುಡುಗನ ಕಡೆ ನೋಡ್ತಾರೆ, ಅವನು ಬರಲ್ಲ. ಮೇಜಿನಲ್ಲಿ ಇರೋ ಎಲ್ಲರದೂ ಮುಗಿಯೋವರೆಗೂ ಒಬ್ಬರ ತಟ್ಟೆಯನ್ನೂ ಎತ್ತಬಾರದು ಅನ್ನೋದು ಆ ಊಟದ ಶಿಷ್ಟಾಚಾರ. ಮುಂದಿನದು ಬರಬೇಕಾದರೆ ನನ್ನದು ಮುಗೀಬೇಕು. ನನಗೆ ಅವಸರ ಇರಲಿಲ್ಲ. ಎದ್ದು ಬಡಿಸಬೇಕಾಗಿರಲಿಲ್ಲ, ಕುಕ್ಕರ್ ಕೂಗ್ತಿರಲಿಲ್ಲ. ನಿಧಾನಕ್ಕೆ ತಿಂದೆ. ಇವರು ಸುಮ್ಮನೆ ನನ್ನನ್ನೇ ನೋಡ್ತಾ ಕೂತಿದ್ದರು. ಆಮೇಲೆ ಹೇಳಿದರು: 'ನೀನು ಇಷ್ಟು ನಿಧಾನಕ್ಕೆ ತಿಂತೀಯಾ? ನಂಗೆ ಗೊತ್ತೇ ಇರ್ಲಿಲ್ಲ.'

ಹತ್ತು ವರ್ಷ ಸಂಸಾರ ಮಾಡಿದ ಗಂಡನಿಗೆ ಹೆಂಡತಿ ಹೇಗೆ ಊಟ ಮಾಡ್ತಾಳೆ ಅಂತ ಗೊತ್ತಿರಲಿಲ್ಲ. ಅವರು ಕೆಟ್ಟವರು ಅಂತಲ್ಲ. ನಾನು ಊಟ ಮಾಡುವಾಗ ಅವರು ಯಾವತ್ತೂ ಎದುರಿಗಿರಲಿಲ್ಲ, ಅಷ್ಟೇ. ಸಾವಿರಾರು ಮನೆಗಳಲ್ಲಿ ಇದೇ ಕಥೆ. ನಿಮ್ಮ ಮನೆಯಲ್ಲೂ ಇರಬಹುದು, ಒಮ್ಮೆ ಯೋಚನೆ ಮಾಡಿ.

ಹಾಗಂತ ಫ್ರೆಂಚರು ಹುಟ್ಟಿನಿಂದಲೇ ದೊಡ್ಡ ಸಮಾನತೆಯವರು ಅಂದುಕೊಳ್ಳೋದು ಬೇಡ. ಒಂದಾದ ಮೇಲೊಂದು ಬಡಿಸೋ ಈ ಕ್ರಮವೇ ಅವರ ಹಳೇ ಪದ್ಧತಿ ಅಲ್ಲ. ಮೊದಲು ಅವರ ದೊಡ್ಡ ಊಟಗಳಲ್ಲೂ ನಮ್ಮ ಎಲೆ ಊಟದ ಹಾಗೆ ಹತ್ತಾರು ಪದಾರ್ಥ ಒಟ್ಟಿಗೆ ಇಡ್ತಿದ್ದರು. 19ನೇ ಶತಮಾನದಲ್ಲಿ ರಷ್ಯದ ಪದ್ಧತಿ ಅನ್ನೋ ಹೆಸರಲ್ಲಿ ಇದು ಬಂತು. ಇನ್ನು ದುಬಾರಿ ಫ್ರೆಂಚ್ ರೆಸ್ಟೋರೆಂಟುಗಳಲ್ಲಿ ಜೊತೆಗೆ ಬಂದ ಹೆಂಗಸಿಗೆ ಬೆಲೆಯೇ ಇಲ್ಲದ ಮೆನು ಕೊಡೋ ರೂಢಿ ಮೊನ್ನೆ ಮೊನ್ನೆವರೆಗೂ ಇತ್ತು. ಬೆಲೆ ಗಂಡಸಿನ ಕೈಯಲ್ಲಿರೋ ಮೆನುವಿನಲ್ಲಿ ಮಾತ್ರ. ಅವಳು ದುಡ್ಡು ಕೊಡೋದೇ ಇಲ್ಲ ಅಂತ ಲೆಕ್ಕ. ನಮ್ಮ ಮೆನುವಿನಲ್ಲಿ ಇಬ್ಬರಿಗೂ ಬೆಲೆ ಇತ್ತು, ಓದಿ ಇಬ್ಬರಿಗೂ ಎದೆ ಝಲ್ಲೆಂದಿತ್ತು. ಆದರೂ ಬಿಲ್ಲಿನ ಫೋಲ್ಡರ್ ಬಂದು ಕೂತದ್ದು ಇವರ ಮುಂದೆ. ನಾನು ನನ್ನ ಕಡೆ ಎಳ್ಕೊಂಡು ಕಾರ್ಡು ಇಟ್ಟೆ. ಪದ್ಧತಿ ಅನ್ನೋದನ್ನ ಯಾರೋ ಮಾಡಿರ್ತಾರೆ, ಯಾರೋ ಬದಲಾಯಿಸ್ತಾರೆ. ಪ್ಯಾರಿಸ್ಸಾದರೂ ಅಷ್ಟೇ, ಮೊಳಕಾಲ್ಮೂರಾದರೂ ಅಷ್ಟೇ.

ಊರಿಗೆ ಬಂದ ಮೇಲೆ ಇವರೇ ಒಂದು ಮಾತು ಎತ್ತಿದರು. ಭಾನುವಾರವಾದರೂ ಎಲ್ಲರೂ ಒಟ್ಟಿಗೆ ಕೂರೋಣ ಅಂತ. ಬಡಿಸೋರು ಯಾರು ಅಂದೆ. ಬಡಿಸೋದೇ ಬೇಡ ಅಂದರು. ಈಗ ಭಾನುವಾರ ಪಾತ್ರೆಗಳನ್ನೆಲ್ಲ ನಡುಮನೆಗೆ ತಂದು ಮಧ್ಯೆ ಇಟ್ಟು ಸುತ್ತ ಕೂರ್ತೀವಿ. ಮುದ್ದೆ ಮುರಿಯೋದು ಇವರ ಕೆಲಸ. ಮೊದಲ ವಾರ ಮಗ ಸಾರು ಚೆಲ್ಲಿದ, ಎರಡನೇ ವಾರ ಮಗಳು. ಈಗ ಅಭ್ಯಾಸವಾಗಿದೆ.

ಹೋದ ವರ್ಷ ಅತ್ತೆಯ ಕಣ್ಣು ತೋರಿಸೋಕೆ ಅಂತ ಅತ್ತೆ ಮಾವ ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ಬಂದರು. ರೇಷ್ಮೆ ಎಳೆ ನೋಡಿ ನೋಡಿ ಸೋತ ಕಣ್ಣು. ನಾನು ಅರ್ಧ ದಿನ ರಜೆ ಹಾಕಿದ್ದೆ. ತೋರಿಸಿ ಹೊರಗೆ ಬರೋ ಹೊತ್ತಿಗೆ ಹನ್ನೊಂದು ಗಂಟೆ, ಇಬ್ಬರೂ ಖಾಲಿ ಹೊಟ್ಟೆ. ಹತ್ತಿರದ ಹೋಟೆಲಿಗೆ ಕರ್ಕೊಂಡು ಹೋದೆ. ಅಲ್ಲಿ ಈಗ ಪರದೆ ತೆಗೆದಿದ್ದಾರೆ. ಬೋರ್ಡು ಮಾತ್ರ ಹಾಗೇ ಇದೆ.

ಮಾವ ಇಡ್ಲಿ ವಡೆ ಅಂದರು. 'ಅಜ್ಜಿ, ನಿಮಗೆ?' ಅಂದ ಸಪ್ಲೈಯರ್ ಹುಡುಗ. ಅತ್ತೆ ಮಾವನ ಮುಖ ನೋಡಿ 'ಅವರಿಗೇನೋ ಅದೇ' ಅಂದರು. 'ಅದಲ್ಲಜ್ಜಿ, ನಿಮಗೇನ್ ಬೇಕು?' ಹುಡುಗನಿಗೆ ಬೇರೆ ಟೇಬಲ್ಲಿಗೆ ಓಡೋ ಅವಸರ, ಅಷ್ಟೇ. ಆದರೆ ಅತ್ತೆ ಆ ಪ್ರಶ್ನೆಗೆ ಉತ್ತರ ಹುಡುಕೋಕೆ ಬಹಳ ಹೊತ್ತು ತಗೊಂಡರು. ಕೊನೆಗೆ ಸಣ್ಣ ದನಿಯಲ್ಲಿ 'ದೋಸೆ' ಅಂದರು.

ತಟ್ಟೆಗಳು ಬಂದವು. ಮಾವ ಶುರು ಮಾಡಿದರು. ಅತ್ತೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. 'ತಿನ್ನಿ ಅತ್ತೆ' ಅಂದೆ. 'ಅವ್ರದಾಗ್ಲಿ ತಡಿಯಮ್ಮ' ಅಂದರು. ದೋಸೆಯ ಮೇಲಿನ ಹಬೆ ಕಮ್ಮಿಯಾಗ್ತಾ ಇತ್ತು. ನಾನು ಮಾತಾಡಲಿಲ್ಲ. ಮಾವನೇ ತುತ್ತು ನಿಲ್ಲಿಸಿದರು. ಅತ್ತೆಯ ಕಡೆ ನೋಡದೆ, ಗಲ್ಲಾಪೆಟ್ಟಿಗೆ ಕಡೆ ನೋಡ್ತಾ, 'ತಿನ್ನು, ಆರೋಗ್ತೈತೆ' ಅಂದರು. ಅವರೂ ತಿನ್ನದೆ ಕೂತರು.

ಅತ್ತೆ ಸ್ವಲ್ಪ ಪಕ್ಕಕ್ಕೆ ತಿರುಗಿ, ಸೆರಗು ಸರಿ ಮಾಡಿಕೊಂಡು, ದೋಸೆಯ ಅಂಚು ಮುರಿದರು. ಆಮೇಲೆ ಮಾವನೂ ಶುರು ಮಾಡಿದರು. ಅರ್ಧ ದೋಸೆ ಆದ ಮೇಲೆ ಅತ್ತೆ ಪೂರ್ತಿ ನಮ್ಮ ಕಡೆ ತಿರುಗಿ ಕೂತಿದ್ದರು. 'ತಮ್ಮಾ, ಇನ್ನೊಂದಿಷ್ಟು ಚಟ್ನಿ ಹಾಕು ಬಾ' ಅಂತ ಅವರು ಹುಡುಗನನ್ನು ಕರೆದಾಗ ನಾನು ಕಾಫಿ ಲೋಟ ಕೆಳಗಿಟ್ಟೆ. ತಮಗೆ ಅಂತ ಅವರು ಏನನ್ನಾದರೂ ಕೇಳಿದ್ದನ್ನು ನಾನು ಅವತ್ತಿನವರೆಗೂ ಕೇಳಿರಲಿಲ್ಲ.

ಮೊಳಕಾಲ್ಮೂರಿನ ಮನೆಯಲ್ಲಿ ಇದರಿಂದ ಏನೂ ಬದಲಾಗಿಲ್ಲ. ಅಲ್ಲಿ ಇವತ್ತಿಗೂ ಅತ್ತೆಯದು ಕೊನೇ ಊಟ, ಒಲೆ ಪಕ್ಕದಲ್ಲೇ. ಆದರೆ ಹೋದ ವಾರ ಫೋನ್ ಮಾಡಿದ್ದರು. ಮಕ್ಕಳ ವಿಷಯ, ಬಾರದ ಮಳೆಯ ವಿಷಯ ಎಲ್ಲ ಆದ ಮೇಲೆ, 'ಮತ್ತೆ ಕಣ್ಣು ತೋರಿಸೋಕೆ ಬರ್ಬೇಕು ಅಂದಿದ್ರಲ್ಲ ಡಾಕ್ಟ್ರು, ಯಾವಾಗ?' ಅಂತ ಕೇಳಿದರು. ಡಾಕ್ಟರ್ ಹೇಳಿದ ದಿನಕ್ಕೆ ಇನ್ನೂ ನಾಲ್ಕು ತಿಂಗಳಿದೆ. 'ಕಣ್ಣು ಮತ್ತೆ ಮಂಜಾಗ್ತಿದೆಯಾ ಅತ್ತೆ?' ಅಂದೆ. 'ಇಲ್ಲಮ್ಮ, ಕಣ್ಣು ಚೆನ್ನಾಗೇ ಐತೆ' ಅಂದರು.

ಬರೋ ಶನಿವಾರ ಇಬ್ಬರೂ ಬನ್ನಿ ಅಂದಿದೀನಿ.