ಗಾಜಿನ ಅರಮನೆ ನಿಂತಿದ್ದ ನೆಲ

ಲಂಡನ್ನಿನ ನೈಟ್ಸ್‌ಬ್ರಿಜ್ ಸ್ಟೇಷನ್ನಿನಿಂದ ಹೊರಬಿದ್ದು ಹೈಡ್ ಪಾರ್ಕಿನೊಳಗೆ ಕಾಲಿಟ್ಟರೆ ರಾಟನ್ ರೋ ಸಿಗುತ್ತದೆ. ಕುದುರೆ ಸವಾರರಿಗೆಂದೇ ಬಿಟ್ಟ ಮೆತ್ತನೆಯ ಮಣ್ಣಿನ ದಾರಿ. ಅದಕ್ಕೂ ಪಕ್ಕದ ಗಾಡಿ ರಸ್ತೆಗೂ ನಡುವೆ ಉದ್ದಕ್ಕೂ ಹುಲ್ಲು, ಅಲ್ಲಲ್ಲಿ ಮರ, ಬೆಂಚು. ಬೆಳಗಿನ ಓಟಕ್ಕೆ ಬಂದವರು, ನಾಯಿ ತಿರುಗಾಡಿಸುವವರು ಬಿಟ್ಟರೆ ನೋಡಲು ಬೇರೇನೂ ಇಲ್ಲ. ಆದರೂ ಲಂಡನ್ನಿನಲ್ಲಿ ನಾನು ಮೊದಲು ನೋಡಬೇಕೆಂದುಕೊಂಡಿದ್ದು ಈ ಹುಲ್ಲನ್ನೇ. 1851ರ ಮೇ 1ರಂದು ವಿಕ್ಟೋರಿಯಾ ರಾಣಿ ‘ಗ್ರೇಟ್ ಎಕ್ಸಿಬಿಷನ್’ ಉದ್ಘಾಟಿಸಿದ್ದು ಇಲ್ಲಿ. ಪ್ಯಾರಿಸ್, ವಿಯೆನ್ನಾ, ಫಿಲಡೆಲ್ಫಿಯಾ, ಶಿಕಾಗೊಗಳಿಂದ ಹಿಡಿದು ಮೊನ್ನೆಯ ಒಸಾಕಾವರೆಗಿನ ಎಲ್ಲ ಜಾಗತಿಕ ವಸ್ತುಪ್ರದರ್ಶನಗಳ ವಂಶಾವಳಿ ಬಂದು ನಿಲ್ಲುವುದು ಇಲ್ಲೇ.

ವಸ್ತುಪ್ರದರ್ಶನ ಇಂಗ್ಲಿಷರ ಕಲ್ಪನೆಯೇನಲ್ಲ. ಫ್ರೆಂಚರು 1798ರಿಂದಲೇ ತಮ್ಮ ದೇಶದ ಕೈಗಾರಿಕೆಯ ಸರಕನ್ನು ಪ್ಯಾರಿಸ್ಸಿನಲ್ಲಿ ಸಾಲಾಗಿ ಇಟ್ಟು ತೋರಿಸುತ್ತಿದ್ದರು. 1849ರಲ್ಲಿ ಅದನ್ನು ನೋಡಿ ಬಂದ ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿ, ಬಾಗಿಲನ್ನು ಎಲ್ಲ ದೇಶಗಳಿಗೂ ತೆರೆದುಬಿಡೋಣ ಎಂದ. ರಾಣಿಯ ಗಂಡ ಆಲ್ಬರ್ಟ್ ಆ ಮಾತಿಗೆ ಬೆಂಬಲವಾಗಿ ನಿಂತ.

ಕಟ್ಟಡದ ಕಥೆಯಂತೂ ನನಗೆ ಎಷ್ಟು ಸಲ ಓದಿದರೂ ಸಾಲದು. ಸ್ಪರ್ಧೆಗೆ ಬಂದ 245 ನಕ್ಷೆಗಳಲ್ಲಿ ಒಂದೂ ಒಪ್ಪಿಗೆಯಾಗಲಿಲ್ಲ. ಸಮಿತಿಯವರೇ ಬರೆದ ನಕ್ಷೆಗೆ ಲಕ್ಷಗಟ್ಟಲೆ ಇಟ್ಟಿಗೆ ಬೇಕಿತ್ತು, ಬಯ್ಯದವರಿರಲಿಲ್ಲ. ಆಗ ಮುಂದೆ ಬಂದವನು ಜೋಸೆಫ್ ಪ್ಯಾಕ್ಸ್ಟನ್, ಚಾಟ್ಸ್‌ವರ್ತ್ ಬಂಗಲೆಯ ತೋಟಗಾರ. 1850ರ ಜೂನ್‌ನಲ್ಲಿ ಡರ್ಬಿಯ ರೈಲ್ವೆ ಸಭೆಯೊಂದರಲ್ಲಿ ಕೂತಿದ್ದಾಗ, ಮುಂದಿದ್ದ ಶಾಯಿ ಹೀರುವ ಕಾಗದದ ಮೇಲೆ ಅವನು ಗೀಚಿದ ಚಿತ್ರವೇ ಕ್ರಿಸ್ಟಲ್ ಪ್ಯಾಲೆಸ್ ಎಂಬ ಗಾಜಿನ ಅರಮನೆಯಾಯಿತು. ಆ ಕಾಗದ ಇವತ್ತಿಗೂ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಅದರ ಹಿಂದಿನ ವರ್ಷ ಪ್ಯಾಕ್ಸ್ಟನ್ ಅಮೆಜಾನಿನ ದೈತ್ಯ ನೈದಿಲೆಯನ್ನು ಗಾಜಿನ ಮನೆಯಲ್ಲಿ ಹೂಬಿಡಿಸಿದ್ದ; ಅದರ ಎಲೆಯ ಮೇಲೆ ಪುಟ್ಟ ಮಗಳನ್ನು ನಿಲ್ಲಿಸಿ ನೋಡಿದ್ದ. ಎಲೆಯ ತಳದಲ್ಲಿ ಹರಡಿದ ದಪ್ಪ ನರಗಳು ಅಷ್ಟು ಭಾರ ಹೊರುವುದನ್ನು ಕಂಡವನಿಗೆ, ತೆಳ್ಳನೆಯ ಕಬ್ಬಿಣದ ಮೇಲೆ ಗಾಜು ನಿಲ್ಲುತ್ತದೆ ಎಂಬ ಧೈರ್ಯ ಬಂದದ್ದು ಸಹಜವೇ.

24 ಅಡಿಯ ಒಂದೇ ಅಳತೆಯ ಅಂಕಣಗಳು. ಕಂಬಗಳು ಟೊಳ್ಳು, ಮಾಡಿನ ಮಳೆನೀರು ಅವುಗಳೊಳಗಿಂದಲೇ ಇಳಿದು ಹೋಗುತ್ತಿತ್ತು. ಸ್ಮೆಥಿಕ್‌ನ ಚಾನ್ಸ್ ಬ್ರದರ್ಸ್ ಕಾರ್ಖಾನೆ ಸುಮಾರು 3 ಲಕ್ಷ ಗಾಜಿನ ಹಲಗೆ ಕಳಿಸಿತು. ಚಾವಣಿಯ ದೋಣಿಗಳ ಮೇಲೆ ಉರುಳುವ ಗಾಡಿಯಲ್ಲಿ ಕೂತು 80 ಮಂದಿ ಒಂದೇ ವಾರದಲ್ಲಿ 18,000ಕ್ಕೂ ಹೆಚ್ಚು ಹಲಗೆ ಜೋಡಿಸಿದರು. ಅಷ್ಟು ದೊಡ್ಡ ಕಟ್ಟಡ ಒಂಬತ್ತು ತಿಂಗಳೊಳಗೆ ಎದ್ದು ನಿಂತಿತು. ನಡುವೆ ಎತ್ತರದ ಎಲ್ಮ್ ಮರಗಳು ಅಡ್ಡ ಬಂದವು. ಕರ್ನಲ್ ಸಿಬ್‌ಥಾರ್ಪ್ ಎಂಬ ಸಂಸದನೊಬ್ಬ ಮರ ಕಡಿಯಬಾರದೆಂದು ಪಾರ್ಲಿಮೆಂಟಿನಲ್ಲಿ ಹರಿಹಾಯ್ದ. ಪ್ಯಾಕ್ಸ್ಟನ್ ಮರ ಕಡಿಸಲಿಲ್ಲ. 108 ಅಡಿ ಎತ್ತರದ ಕಮಾನು ಎತ್ತಿ ಮರಗಳನ್ನು ಕಟ್ಟಡದ ಒಳಕ್ಕೇ ತೆಗೆದುಕೊಂಡ. ರಸ್ತೆ ಅಗಲ ಮಾಡಲು ಸಾಲುಮರ ಉರುಳಿಸುವುದನ್ನು ನೋಡಿ ನೋಡಿ ಸಾಕಾಗಿರುವ ಬೆಂಗಳೂರಿನವನಿಗೆ ಈ ಸಂಗತಿ ಮರೆಯುವಂಥದ್ದಲ್ಲ.

ಬೆಂಗಳೂರೆಂದರೆ ಲಾಲ್‌ಬಾಗಿನ ಗಾಜಿನ ಮನೆ ನೆನಪಾಗಲೇಬೇಕು. ಅದರ ಮೂಲ ಮಾದರಿ ಈ ಹುಲ್ಲಿನ ಮೇಲೆ ನಿಂತಿದ್ದ ಕ್ರಿಸ್ಟಲ್ ಪ್ಯಾಲೆಸ್ಸೇ. ಎರಕದ ಕಬ್ಬಿಣ ಬಂದದ್ದು ಗ್ಲಾಸ್ಗೊದ ಮ್ಯಾಕ್‌ಫರ್ಲೇನ್ ಕಾರ್ಖಾನೆಯಿಂದ. 1889ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದ ರಾಜಕುಮಾರ ಆಲ್ಬರ್ಟ್ ವಿಕ್ಟರ್, ಇಲ್ಲಿ ಪ್ರದರ್ಶನ ನಡೆಸಿದ ಆಲ್ಬರ್ಟನ ಮೊಮ್ಮಗ. ಹೈಡ್ ಪಾರ್ಕಿನಲ್ಲಿ ಇಂದು ಒಂದು ಗಾಜಿನ ಚೂರೂ ಇಲ್ಲ. ನಮ್ಮಲ್ಲಿ ಫಲಪುಷ್ಪ ಪ್ರದರ್ಶನ ಆ ಮನೆಯಲ್ಲೇ ನಡೆಯುತ್ತ ಬಂದಿದೆ.

ಹುಲ್ಲಿನ ಉದ್ದಕ್ಕೂ ಪಶ್ಚಿಮಕ್ಕೆ ನಡೆದೆ. ಪ್ರದರ್ಶನದ ಆರಂಭದಲ್ಲಿ ಟಿಕೆಟ್ ದುಬಾರಿಯಾಗಿತ್ತು. ಮೇ ಕೊನೆಯ ವಾರದಿಂದ ಒಂದು ಶಿಲ್ಲಿಂಗಿನ ದಿನಗಳು ಶುರುವಾದವು. ಕೂಲಿ ಜನ ನುಗ್ಗಿದರೆ ದಂಗೆಯಾದೀತೆಂದು ದೊಡ್ಡ ಮನೆತನಗಳವರು ಹೆದರಿದ್ದರು. ಬಂದ ಜನ ಬುತ್ತಿ ಕಟ್ಟಿಕೊಂಡು ಬಂದರು, ಯಂತ್ರಗಳ ಮುಂದೆ ಗಂಟೆಗಟ್ಟಲೆ ನಿಂತರು, ಸಂಜೆ ಮನೆಗೆ ಹೋದರು. ಥಾಮಸ್ ಕುಕ್ ರೈಲು ತುಂಬಿಸಿ ಕರೆತಂದವರೇ ಒಂದೂವರೆ ಲಕ್ಷ. ಪೆನ್ಜಾನ್ಸಿನ ಮೇರಿ ಕೆಲಿನ್ಯಾಕ್ ಎಂಬ 84 ವಯಸ್ಸಿನ ಮೀನು ಮಾರುವ ಅಜ್ಜಿ ಇಂಗ್ಲೆಂಡಿನ ತುತ್ತತುದಿಯಿಂದ ನಡೆದೇ ಬಂದಳು. ಜಾರ್ಜ್ ಜೆನ್ನಿಂಗ್ಸ್ ಕಟ್ಟಿದ ಶೌಚಾಲಯವನ್ನು ಒಂದು ಪೆನ್ನಿ ಕೊಟ್ಟು ಬಳಸಿದವರು 8,27,280 ಜನ. ನಗರಗಳಲ್ಲಿ ಸಾರ್ವಜನಿಕ ಶೌಚಾಲಯ ಬೇಕೆಂಬ ವಾದಕ್ಕೆ ಬಲ ಬಂದದ್ದು ಈ ಲೆಕ್ಕದಿಂದ. ಒಟ್ಟು ಭೇಟಿಗಳು 60 ಲಕ್ಷ ದಾಟಿದವು.

ದಾರಿಯ ಕೊನೆಯಲ್ಲಿ ಪ್ರದರ್ಶನದ ಒಂದು ವಸ್ತು ಇನ್ನೂ ಬಯಲಲ್ಲೇ ನಿಂತಿದೆ: ಕೋಲ್‌ಬ್ರೂಕ್‌ಡೇಲ್ ಕಂಪನಿ ತನ್ನ ಎರಕದ ಕೌಶಲ ತೋರಿಸಲು ಕಳಿಸಿದ್ದ ಕಬ್ಬಿಣದ ಗೇಟು. ಬಳ್ಳಿ, ಎಲೆಗಳೆಲ್ಲ ಕಬ್ಬಿಣವೆಂದರೆ ನಂಬಲಾಗದಷ್ಟು ನಾಜೂಕು. ಮಾಡಿದ ಕಂಪನಿಯ ಹೆಸರಿನಿಂದಲೇ ಅದನ್ನು ಇಂದಿಗೂ ಕರೆಯುತ್ತಾರೆ. ಅಲ್ಲಿಂದ ಮುಂದೆ ಆಲ್ಬರ್ಟ್ ಸ್ಮಾರಕ. ಚಿನ್ನದ ಬಣ್ಣದ ಆಲ್ಬರ್ಟ್ ಕುಳಿತಿದ್ದಾನೆ. ಕೈಯಲ್ಲಿ ಕತ್ತಿಯಿಲ್ಲ, ಪ್ರದರ್ಶನದ ಕೆಟಲಾಗ್ ಇದೆ. ಎಷ್ಟೋ ದೊರೆಗಳ ಪ್ರತಿಮೆ ನೋಡಿದ್ದೇನೆ, ಪುಸ್ತಕವೊಂದನ್ನು ಹೀಗೆ ಹಿಡಿದು ಕೂತವರು ಕಡಿಮೆ.

ಆ ಕೆಟಲಾಗಿನಲ್ಲಿ ಸುಮಾರು 14,000 ಪ್ರದರ್ಶಕರಿದ್ದಾರೆ. ಬ್ರಿಟಿಷ್, ಫ್ರೆಂಚ್, ಜರ್ಮನ್ ವಿಭಾಗಗಳಲ್ಲಿ ಮಾಡಿದವರ ಹೆಸರು, ಊರು, ಬೀದಿಯ ವಿಳಾಸ ಕೂಡ ಸಿಗುತ್ತವೆ. ಭಾರತದ ವಿಭಾಗಕ್ಕೆ ಬಂದರೆ ಪ್ರದರ್ಶಕ ಒಬ್ಬನೇ, ಈಸ್ಟ್ ಇಂಡಿಯಾ ಕಂಪನಿ. ಢಾಕಾದ ಮಸ್ಲಿನ್ ಇತ್ತು, ಕಾಶ್ಮೀರದ ಶಾಲು ಇತ್ತು, ಬೀದರಿನ ಬಿದರಿ ಇತ್ತು, ನೇದವರು, ಕೆತ್ತಿದವರು ಇರಲಿಲ್ಲ. ಎರಡು ವರ್ಷದ ಹಿಂದೆ ಪಂಜಾಬಿನ ಬಾಲರಾಜ ದುಲೀಪ್ ಸಿಂಗನಿಂದ ಕಿತ್ತುಕೊಂಡ ಕೊಹಿನೂರ್ ಒಂದು ಪಂಜರದಲ್ಲಿತ್ತು. ಮಧ್ಯದಲ್ಲಿ ಅಂಬಾರಿ ಹೊತ್ತ ಆನೆ. ಅಂಬಾರಿ ಮುರ್ಷಿದಾಬಾದಿನ ನವಾಬ ಕೊಟ್ಟದ್ದು. ಆನೆ ಮಾತ್ರ ಎಸೆಕ್ಸಿನ ಸ್ಯಾಫ್ರನ್ ವಾಲ್ಡನ್ ಮ್ಯೂಸಿಯಂನಿಂದ ತಂದ, ಹುಲ್ಲು ತುಂಬಿದ ಆಫ್ರಿಕಾದ ಆನೆ. ಭಾರತವೆಂದರೆ ಜನ ಕಂಡು ಬೆರಗಾದದ್ದು ಅದನ್ನು. ನನಗೆ ಆ ಸಂಗತಿ ನೋವುಂಟುಮಾಡುತ್ತದೆ.

ಎಕ್ಸಿಬಿಷನ್ ರೋಡ್ ಹಿಡಿದು ದಕ್ಷಿಣಕ್ಕೆ ಇಳಿದರೆ ಆ ಆರು ತಿಂಗಳ ಫಲ ಎರಡೂ ಬದಿಗೆ ಕಾಣುತ್ತದೆ. ಪ್ರದರ್ಶನ ಮುಗಿದಾಗ ಉಳಿದ ಹಣ ಸುಮಾರು 1,86,000 ಪೌಂಡ್. ಆಲ್ಬರ್ಟ್ ಅದನ್ನು ಖಜಾನೆಗೆ ಸೇರಿಸಲು ಬಿಡಲಿಲ್ಲ. ಆಗ ತೋಟಪಟ್ಟಿಗಳಿದ್ದ ಕೆನ್ಸಿಂಗ್ಟನ್ನಿನಲ್ಲಿ 87 ಎಕರೆ ಕೊಂಡ. ಮ್ಯೂಸಿಯಂಗಳು, ಇಂಪೀರಿಯಲ್ ಕಾಲೇಜು, ಸಂಗೀತ ಕಾಲೇಜು ಎಲ್ಲ ಎದ್ದದ್ದು ಆ ನೆಲದ ಮೇಲೆ. ಅದೇ ನಿಧಿಯ ವಿದ್ಯಾರ್ಥಿವೇತನದಿಂದ ನ್ಯೂಜಿಲೆಂಡಿನ ಅರ್ನೆಸ್ಟ್ ರದರ್‌ಫರ್ಡ್ ಕೇಂಬ್ರಿಜ್ಜಿಗೆ ಬಂದ. ಆ ವೇತನ ಇಂದಿಗೂ ನಿಂತಿಲ್ಲ. ಜಾತ್ರೆಯ ಲಾಭ ಶಾಲೆಗೆ ಹೋದ ಇಂಥ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. 1862ರ ಎರಡನೇ ಪ್ರದರ್ಶನ ನಡೆದ ಜಾಗದಲ್ಲಿ ಈಗ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇದೆ.

ವಿ ಅಂಡ್ ಎಗೆ ನನ್ನ ಜೊತೆ ಬಂದವರು ಲಂಡನ್ನಿನಲ್ಲಿ ಕೆಲಸದಲ್ಲಿರುವ ಬೀದರಿನ ಸ್ನೇಹಿತರು. ಕರ್ನಾಟಕದವರು ಇಲ್ಲಿ ಮೊದಲು ಟಿಪ್ಪುವಿನ ಹುಲಿಯ ಕಡೆ ನಡೆಯುತ್ತಾರೆ. ನಾವು ನಡೆದದ್ದು ಬಿದರಿಯ ಕಡೆ. 1851ರ ಪ್ರದರ್ಶನದಿಂದ ಮಾದರಿ ವಸ್ತುಗಳನ್ನು ಕೊಳ್ಳಲು ಸರ್ಕಾರ 5,000 ಪೌಂಡ್ ಕೊಟ್ಟಿತ್ತು. ಅದರಲ್ಲಿ ಒಂದು ಒಳ್ಳೆಯ ಪಾಲು ಭಾರತದ ವಸ್ತುಗಳಿಗೆ ಹೋಯಿತು. ಯಂತ್ರದಿಂದ ಬೇಕಾಬಿಟ್ಟಿ ಅಲಂಕಾರ ಒತ್ತುತ್ತಿದ್ದ ತಮ್ಮ ಕುಶಲಕರ್ಮಿಗಳು ಇವನ್ನು ನೋಡಿ ಕಲಿಯಲಿ ಎಂಬುದು ಕೋಲ್ ಮತ್ತು ಅವನ ಗೆಳೆಯ ಓವನ್ ಜೋನ್ಸರ ಆಸೆ.

ಗಾಜಿನ ಹಿಂದೆ ಹುಕ್ಕಾದ ತಳಪಾತ್ರೆ. ಕಪ್ಪು ಮೈ, ಮೇಲೆ ಬೆಳ್ಳಿಯ ಹೂಬಳ್ಳಿ. ಸ್ನೇಹಿತರು ಬಗ್ಗಿ ನೋಡಿದರು. ಸತು ಮತ್ತು ತಾಮ್ರದ ಎರಕ, ಉಳಿಯಿಂದ ಕೊರೆದ ಗೀರಿನೊಳಗೆ ಕುಟ್ಟಿ ಕೂರಿಸಿದ ಬೆಳ್ಳಿ ತಂತಿ, ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರಿನಲ್ಲಿ ಅದ್ದುವುದು. ಬಿಸಿಲು, ಮಳೆ ಬೀಳದ ಜಾಗದ ಮಣ್ಣೇ ಆಗಬೇಕು, ನಾಲಿಗೆಗಿಟ್ಟು ರುಚಿ ನೋಡಿಯೇ ಮಣ್ಣು ಆರಿಸುತ್ತಾರೆ ಎಂದು ವಿವರಿಸಿದರು. ಮಣ್ಣಿನಿಂದ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಬಳ್ಳಿಯ ಒಂದು ಕಡೆ ತಂತಿ ಕೂದಲೆಳೆಯಷ್ಟು ಸರಿದಿತ್ತು. ಅದನ್ನು ಸರಿಪಡಿಸಲು ಕುಶಲಕರ್ಮಿ ಮುಂದಿನ ಎಲೆಯನ್ನು ತುಸು ಅಗಲ ಮಾಡಿದ್ದ.

“ನೋಡ್ರಿ ಸರ, ಊರಿನ ಹೆಸರು ಅದ, ಮಾಡಿದವರ ಹೆಸರು ಇಲ್ಲ,” ಎಂದರು ಸ್ನೇಹಿತರು. “ನಮ್ಮ ಓಣ್ಯಾಗ ಈಗೂ ಮಾಡ್ತಾರ. ಅವರಿಗೆ ಇದರ ಫೋಟೊ ಕಳಸ್ತೀನಿ.”

1886ರ ‘ಕಲೋನಿಯಲ್ ಅಂಡ್ ಇಂಡಿಯನ್’ ಪ್ರದರ್ಶನದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕುಶಲಕರ್ಮಿಗಳನ್ನೇ ಕರೆತಂದು ಕೂರಿಸಿದರು. ಅವರಲ್ಲಿ ಹೆಚ್ಚಿನವರು ಆಗ್ರಾ ಜೈಲಿನಲ್ಲಿ ಕಸುಬು ಕಲಿತ ಕೈದಿಗಳು. ದಿನವಿಡೀ ಜನರ ಕಣ್ಣೆದುರು ನೇಯಬೇಕು, ಕೆತ್ತಬೇಕು, ಗಡಿಗೆ ತಿರುವಬೇಕು. ಆ ಪ್ರದರ್ಶನದ ಬೆನ್ನಲ್ಲೇ ಕಟ್ಟಿದ ಇಂಪೀರಿಯಲ್ ಇನ್ಸ್‌ಟಿಟ್ಯೂಟಿನಲ್ಲಿ ಒಂದು ಗೋಪುರ ಮಾತ್ರ ಇಂಪೀರಿಯಲ್ ಕಾಲೇಜಿನ ಅಂಗಳದಲ್ಲಿ ಉಳಿದಿದೆ.

ಮರುದಿನ ರೈಲು ಹತ್ತಿ ಸಿಡನಮ್ ಗುಡ್ಡಕ್ಕೆ ಹೋದೆ. ಹೈಡ್ ಪಾರ್ಕಿನಿಂದ ಬಿಚ್ಚಿದ ಅರಮನೆಯನ್ನು ಇನ್ನೂ ದೊಡ್ಡದಾಗಿಸಿ 1854ರಲ್ಲಿ ಮತ್ತೆ ಕಟ್ಟಿದ್ದು ಅಲ್ಲಿ. ಸ್ಟೇಷನ್ನಿನ ಹೆಸರೇ ಕ್ರಿಸ್ಟಲ್ ಪ್ಯಾಲೆಸ್. 1936ರ ನವೆಂಬರ್ 30ರ ರಾತ್ರಿ ಅರಮನೆ ಸುಟ್ಟುಹೋಯಿತು. ಈಗ ಅಗಲವಾದ ಮೆಟ್ಟಿಲು, ಕೈಪಿಡಿ ಗೋಡೆ, ಸಿಂಹನಾರಿಗಳು, ತಲೆಯ ಮೇಲೆ ಟಿವಿ ಟವರು. ಕೆಳಗಿನ ಕೆರೆಯ ದಂಡೆಯಲ್ಲಿ ವಾಟರ್‌ಹೌಸ್ ಹಾಕಿನ್ಸ್ ಮಾಡಿದ ಡೈನೊಸಾರ್‌ಗಳಿವೆ. ಇಗ್ವಾನೊಡಾನಿನ ಹೆಬ್ಬೆರಳಿನ ಮೊನೆಯನ್ನು ಅಂದಿನ ತಿಳಿವಳಿಕೆಯಂತೆ ಮೂಗಿನ ಮೇಲೆ ಕೂರಿಸಿದ್ದಾರೆ. ವಿಜ್ಞಾನ ಮುಂದೆ ಹೋದರೂ ಅದನ್ನು ತಿದ್ದದೆ ಹಾಗೇ ಕಾಪಾಡಿರುವುದು ನನಗೆ ತುಂಬ ಹಿಡಿಸಿತು.

ಅಲ್ಲಿಂದ ದಕ್ಷಿಣದ ಸಮುದ್ರ ದಂಡೆಯ ಹೇಸ್ಟಿಂಗ್ಸ್ ಊರಿಗೆ ಹೋದದ್ದು 1886ರ ಪ್ರದರ್ಶನದ ದರ್ಬಾರ್ ಹಾಲನ್ನು ನೋಡಲು. ಪ್ರದರ್ಶನ ಮುಗಿದ ಮೇಲೆ ಲಾರ್ಡ್ ಬ್ರಾಸಿ ಎಂಬ ಶ್ರೀಮಂತ ಅದನ್ನು ಕೊಂಡು ತನ್ನ ಮನೆಗೆ ಜೋಡಿಸಿಕೊಂಡ. ಮುಂದೆ ಅದು ಹೇಸ್ಟಿಂಗ್ಸ್ ಮ್ಯೂಸಿಯಂಗೆ ಬಂತು. ಕಂಬ, ಕಮಾನು, ಜಾಲಂಧ್ರ ಎಲ್ಲ ಮರದ ಕೆತ್ತನೆ. ಒಂದು ಬೆರಳಗಲವೂ ಖಾಲಿ ಬಿಟ್ಟಿಲ್ಲ. ಇದನ್ನು ಕೆತ್ತಿದವರು ಪಂಜಾಬಿನ ಭೇರಾದ ಮುಹಮ್ಮದ್ ಬಕ್ಷ್ ಮತ್ತು ಮುಹಮ್ಮದ್ ಜುಮಾ. ಹೈಡ್ ಪಾರ್ಕಿನಿಂದ ಇಲ್ಲಿಯವರೆಗೆ ನಾನು ಹುಡುಕುತ್ತ ಬಂದದ್ದು ಇಂಥ ಎರಡು ಹೆಸರನ್ನು. ಊರಿನ ಜನ ಈಗ ಮದುವೆಗೆ, ಸಂಗೀತ ಕಚೇರಿಗೆ ಈ ಹಾಲನ್ನು ಬಳಸುತ್ತಾರೆಂದು ತಿಳಿದು ಖುಷಿಯಾಯಿತು.

ಆಗ್ರಾದಿಂದ ಬಂದವರ ಮುಖಗಳನ್ನು ರುಡಾಲ್ಫ್ ಸ್ವೊಬೊಡಾ ಎಂಬ ಕಲಾವಿದ ರಾಣಿಯ ಅಪೇಕ್ಷೆಯಂತೆ ಚಿತ್ರಿಸಿದ್ದಾನೆ. ನೂರು ದಾಟಿದವನೆಂದು ಹೇಳಲಾಗುತ್ತಿದ್ದ ಕುಂಬಾರ ಬಕ್ಷಿರಾಮನೂ ಅವರಲ್ಲಿದ್ದಾನೆ. ಚಿತ್ರಗಳಿರುವುದು ವೈಟ್ ದ್ವೀಪದ ಆಸ್‌ಬರ್ನ್ ಹೌಸಿನಲ್ಲಿ. ಸೌತಾಂಪ್ಟನ್ನಿಗೆ ಹೋದರೆ ಅಲ್ಲಿಂದ ಈಸ್ಟ್ ಕೌಸ್‌ಗೆ ಹಡಗಿದೆ. ಹೇಸ್ಟಿಂಗ್ಸ್ ಸ್ಟೇಷನ್ನಿನಲ್ಲಿ ಆ ಕಡೆಯ ರೈಲಿನ ವೇಳಾಪಟ್ಟಿ ವಿಚಾರಿಸಿ ಟಿಕೆಟ್ ಕೊಂಡೆ.