ಕಡಲಿಗೆ ಕಟ್ಟಿದ ಬುತ್ತಿ

ಅಮರಕೋಶದ ವಾರಿವರ್ಗದ ತಿಮಿಂಗಿಲವನ್ನು ಹುಡುಗರಿಂದ ಉರುಹೊಡೆಯಿಸಿದ ನಾವು ಅರುವತ್ತರವರೆಗೆ ಸಮುದ್ರವನ್ನೇ ಕಂಡವರಲ್ಲ. ಇಟ್ಟಂಗಿಹಾಳದಲ್ಲಿ ಬಾವಿಯ ನೀರೇ ಭಾಗ್ಯವಷ್ಟೆ! ತಂಗಿಯ ಮಗನು ಮಲ್ಪೆಯಿಂದ ಕೇದರ ಮೀನಿನ ಬೇಟೆಗೆ ಮೊದಲ ಸಲ ಆಳಗಡಲಿಗೆ ಹೊರಡುವನೆಂದು ಕೇಳಿ, ಮಳೆಗಾಲದ ನಿಷೇಧವು ತೀರುವ ಜುಲೈ 31ರಂದು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಅಲ್ಲಿಗೆ ತಲಪಿದೆವು.

ದೋಣಿಗೆ ತುಂಬುತ್ತಿದ್ದುದೋ ಮಂಜುಗಡ್ಡೆಯ ರಾಶಿ! ಈ ಮೀನಿನ ಮೈಯು ನೀರಿಗಿಂತ ಬೆಚ್ಚಗಿರುವುದರಿಂದ, ಹಿಡಿದೊಡನೆ ತಣಿಸದಿದ್ದರೆ ಮಾಂಸವು ಬೇಗನೆ ಕೆಡುವುದಂತೆ.

2018ರ ಡಿಸೆಂಬರಿನಲ್ಲಿ ಇದೇ ಬಂದರಿನಿಂದ ಹೋದ ‘ಸುವರ್ಣ ತ್ರಿಭುಜ’ವು ಏಳು ಜನರೊಡನೆ ಮರಳಲಿಲ್ಲವೆಂಬುದು ನಮ್ಮ ಮನಸ್ಸಿನಲ್ಲಿದ್ದಿತು, ಬಾಯಿಗೆ ತರಲಿಲ್ಲ. “ಈಜು ಮರೆತಿಲ್ಲವಷ್ಟೆ?” ಎಂದೆವು.

“ನೀವೇ ಬಾವಿಯಲ್ಲಿ ಕಲಿಸಿದಿರಲ್ಲ, ಮಾಮಾ.”

ಜೀವರಕ್ಷಕ ಅಂಗಿಯ ಪಟ್ಟಿಯನ್ನು ನಾವೇ ಎರಡು ಸಲ ಬಿಗಿದು ನೋಡಿದೆವು. ರೊಟ್ಟಿಯ ಗಂಟನ್ನು ಅವನು ಮಂಜುಗಡ್ಡೆಗೆ ತಗುಲದಂತೆ ಎತ್ತರದಲ್ಲಿರಿಸಿದನು.